ಇರ್ರಿ, ಏನ ಗಡಬಡಿ ಐತಿ?

ಮನುಷ್ಯರನ್ನು ಮಾತಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾರೂ ಇಲ್ಲ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಮರಾಠಿ, ನಿದ್ದೆಯಲ್ಲಿ ಕನವರಿಸಿದರೂ ಮರಾಠಿ ಎನ್ನುವಂಥ ಮಕ್ಕಳ ಬಾಯಿಂದ ಹಳಗನ್ನಡ ಪದ್ಯ ಹೊರಡಿಸಿದ್ದೇನೆ. ಅಂಥವಳಿಗೆ ಮೂವರು ಪದವೀಧರರ ಬಾಯಿ ಬಿಡಿಸುವುದು ಒಂದು ಕೆಲಸವೇ?

ಆದ್ದರಿಂದ ಪ್ರಶಾಂತ್ ಫೋನ್ ಮಾಡಿ ಆ ಜವಾಬ್ದಾರಿಯನ್ನು ಕೊಟ್ಟಾಗ ನಾನು ಒಪ್ಪಿಕೊಂಡೆ ಎನ್ನುವುದಕ್ಕಿಂತ ಕಸಿದುಕೊಂಡೆ ಎನ್ನುವುದೇ ಸರಿ.

ಪ್ರಶಾಂತ್ ಮೈಸೂರು ಕಡೆಯ ಹುಡುಗ. ನಿಪ್ಪಾಣಿಯಲ್ಲಿ ಕಚೇರಿ ಇರುವ ಒಂದು ಸೇವಾ ಸಂಸ್ಥೆಯ ಸಂಯೋಜಕ. ಓದು ಮುಗಿಸಿದ ಹುಡುಗ ಹುಡುಗಿಯರನ್ನು ಬೇರೆ ಬೇರೆ ಜಿಲ್ಲೆಗಳಿಂದ ಕರೆತಂದು ಒಂದೊಂದು ವರ್ಷ ಹಳ್ಳಿಗಳಲ್ಲಿ ಇರಿಸುವುದು ಅವರ ಸಂಸ್ಥೆಯ ಕೆಲಸ. ನಮ್ಮ ಅಕ್ಕೋಳಕ್ಕೆ ಕಳೆದ ವರ್ಷ ಮೂವರು ಸ್ವಯಂಸೇವಕರು ಬಂದಿದ್ದರು. ಕೋಲಾರದ ಕಾರ್ತಿಕ, ಮಂಗಳೂರಿನ ರೋಶನ್, ತುಮಕೂರಿನ ಮೇಘನಾ. ಬೀಡಿ ಕಟ್ಟುವ ಹೆಣ್ಣುಮಕ್ಕಳ ಮಕ್ಕಳಿಗೆ ಸಂಜೆ ಪಾಠ ಹೇಳುವುದು ಅವರ ಕೆಲಸ. ಹುಡುಗರಿಬ್ಬರು ಶಾಲೆಯ ಹಿಂದಿನ ಖೋಲಿಯಲ್ಲಿ ಇದ್ದರು, ಮೇಘನಾ ನಮ್ಮ ಮನೆಯ ಮಾಳಿಗೆಯ ಖೋಲಿಯಲ್ಲಿ. ಮೂವರ ಊಟವೂ ನಮ್ಮಲ್ಲಿ. ಸಂಸ್ಥೆಯ ಭಾಷೆಯಲ್ಲಿ ನಾನು 'ಸ್ಥಳೀಯ ಪಾಲಕಿ'. ಊರಿನ ಭಾಷೆಯಲ್ಲಿ ಅಕ್ಕೋರು.

ವರ್ಷ ಮುಗಿದಿತ್ತು. ಹೋಗುವ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು, ಏನು ಚೆನ್ನಾಗಿತ್ತು, ಏನು ಕಷ್ಟವಾಯಿತು, ಮುಂದೆ ಬರುವವರಿಗೆ ಏನು ಬದಲಾಗಬೇಕು ಎಂದು ಕೇಳಬೇಕಂತೆ. ಅದರ ಹೆಸರು ನಿರ್ಗಮನ ಸಂದರ್ಶನ. ನಾನು ಅದರ ವರದಿ ಕೊಟ್ಟ ಮೇಲೆಯೇ ಕಚೇರಿಯವರು ಅವರಿಗೆ ಬಿಡುಗಡೆ ಪತ್ರ ಕೊಡುತ್ತಾರಂತೆ.

"ಮೇಡಂ, ಮೇಘನಾಗೆ ಮಾತ್ರ ಸ್ವಲ್ಪ ಅರ್ಜೆಂಟ್. ಅವಳು ಮುಂದಿನ ಸೋಮವಾರ ಕೆಲಸಕ್ಕೆ ಸೇರ್ಬೇಕು. ಶನಿವಾರ ಹೊಸ ಮೂವರು ಬರ್ತಾರೆ. ಅಷ್ಟರೊಳಗೆ ಮುಗಿಸಿಬಿಡಿ. ಕೇಳೋದಷ್ಟೇ ನಮ್ಮ ಕೆಲಸ, ಜಾಸ್ತಿ ಮಾತಾಡೋದು ಬೇಡ," ಎಂದ ಪ್ರಶಾಂತ್.

ಮೇಘನಾಳ ಕೆಲಸದ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಅವಳ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಶಿಕ್ಷಕಿಯ ಜಾಗ. ಅರ್ಜಿ ಹಾಕು ಎಂದು ಅವಳ ಬೆನ್ನು ಹತ್ತಿದವಳೇ ನಾನು. ಸಿಕ್ಕಾಗ ತನ್ನ ಅವ್ವನಿಗಿಂತ ಮೊದಲು ಅಡಿಗೆಮನೆಗೆ ಓಡಿಬಂದು ನನಗೆ ಹೇಳಿದ್ದಳು. ಆ ಹೊತ್ತಿಗೆ ನಾನು ಕುಣಿಯುವುದೊಂದು ಬಾಕಿ. ಕೆಲಸ ಸಿಕ್ಕಿತು ಎಂದರೆ ಹುಡುಗಿ ಹೋಗುತ್ತಾಳೆ ಎಂದು ಅರ್ಥ, ಅದು ಮಾತ್ರ ಆಗ ಹೊಳೆದಿರಲಿಲ್ಲ.

ಫೋನ್ ಇಟ್ಟು ನಮ್ಮ ಯಜಮಾನರಿಗೆ ಸುದ್ದಿ ಹೇಳಿದೆ. ಅವರು ಕಬ್ಬಿನ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು.

"ನೀ ಕೇಳಾಕಿ ಅಲ್ಲ, ಹೇಳಾಕಿ. ಸುಮ್ನ ಕುಂತು ಕೇಳೂ ಕೆಲಸ ನಿನಗ ಆಗೂದಿಲ್ಲ," ಎಂದರು.

ಗಂಡಂದಿರ ಇಂಥ ಅಭಿಪ್ರಾಯಗಳಿಗೆ ಬೆಲೆ ಕೊಡಬಾರದು ಎಂಬುದು ನನ್ನ ಹಳೆಯ ನಿಯಮ. ಮರುದಿನ, ಈ ವಾರದ ಸೋಮವಾರ ಮುಂಜಾನೆ, ಪಡಸಾಲೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದೆ. ಕನ್ನಡಕ ಒರೆಸಿಕೊಂಡೆ. ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಸಂದರ್ಶನ ಎಂದರೆ ಸಂದರ್ಶನ!

ಮೊದಲು ಬಂದವನು ಕಾರ್ತಿಕ. ಮೃದು ಸ್ವಭಾವದ ಹುಡುಗ, ನೆಲಕ್ಕೆ ನೋವಾದೀತು ಎನ್ನುವಂತೆ ನಡೆಯುವವನು. ಬಾಗಿಲ ಬಳಿ ಚಪ್ಪಲಿ ಬಿಟ್ಟು ಬಂದು ಕೂತ. ನಾನು ಗಂಟಲು ಸರಿ ಮಾಡಿಕೊಂಡು, ಈಗ ನಿನ್ನ ಮುಂದಿನ ವಿಚಾರವೇನು ಎಂದು ಕೇಳಿದೆ. ಅವನು, "ಬುಧವಾರ ಊರಿಗೆ ಹೊರಡ್ತೀನಿ ಅಕ್ಕೋರೇ," ಎಂದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ವಿವರಿಸಬೇಕು. ನಮ್ಮಲ್ಲಿ ಯಾರಾದರೂ ಹೊರಡುತ್ತೇನೆ ಎಂದು ಎದ್ದರೆ ಆಗಲಿ ಎಂದು ಕಳಿಸುವವರು ಮನುಷ್ಯರೇ ಅಲ್ಲ. "ಇರ್ರಿ, ಏನ ಗಡಬಡಿ ಐತಿ?" ಎಂದು ತಡೆಯಬೇಕು. ಅವರು ಇಲ್ರಿ, ಹೋಗಬೇಕ್ರಿ ಎನ್ನಬೇಕು. ನಾವು ಮತ್ತೆ ತಡೆಯಬೇಕು, ಅವರ ಚೀಲ ಕಸಿದು ಒಳಗಿಡಬೇಕು. ಅವರು ಮತ್ತೆ ಇಲ್ಲ ಎನ್ನಬೇಕು. ಮೂರನೆಯ ಸಲ, ಬಹಳ ಬೇಕಾದ ಪಾವಣೇರು, ಅಂದರೆ ನೆಂಟರು, ಇದ್ದರೆ, ಅವರ ಚಪ್ಪಲಿಯನ್ನೇ ಬಚ್ಚಿಡಬೇಕು. ಅವರು ನಗುತ್ತ ಚಪ್ಪಲಿ ಹುಡುಕಿಕೊಂಡು ಹೋಗಿಬಿಡುತ್ತಾರೆ. ಯಾರೂ ನಿಜವಾಗಿ ಉಳಿಯುವುದಿಲ್ಲ. ಒಮ್ಮೆ ಅಥಣಿಯಿಂದ ಬಂದ ನಮ್ಮ ಯಜಮಾನರ ದೂರದ ಸಂಬಂಧಿಯೊಬ್ಬರು ಮೊದಲನೆಯ ಸಲಕ್ಕೇ ಆಯ್ತು ಇರ್ತೀನಿ ಎಂದಾಗ ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವು.

ಕಾರ್ತಿಕ ಹೊರಡ್ತೀನಿ ಎಂದ ಕೂಡಲೇ ನನ್ನ ನಾಲಿಗೆ ತಾನಾಗಿ ತಿರುಗಿತು.

"ಇಷ್ಟ ಲಗೂನ? ಇರೋ ತಮ್ಮಾ, ಏನ ಗಡಬಡಿ ಐತಿ?"

"ವರ್ಷ ಮುಗೀತಲ್ಲ ಅಕ್ಕೋರೇ."

ಇನ್ನೊಂದು ವರ್ಷ ಇದ್ದರೆ ಏನು ಗಂಟು ಹೋಗುತ್ತದೆ, ಮಕ್ಕಳು ನಿನ್ನನ್ನು ಎಷ್ಟು ಹಚ್ಚಿಕೊಂಡಿವೆ, ಊರೇ ಬಿಕೋ ಎನ್ನುತ್ತದೆ ಎಂದೆಲ್ಲ ನಾನು ಸುರುಮಾಡಿದೆ. ಅವನು ತಲೆ ತಗ್ಗಿಸಿದ. ತಡೆಯುವುದನ್ನು ಅರ್ಧಕ್ಕೆ ಬಿಡುವ ಜಾತಿಯವಳಲ್ಲ ನಾನು. ನೀರು ತರುತ್ತೇನೆ ಎಂದು ಎದ್ದವಳು ಬಾಗಿಲ ಬಳಿ ಹೋಗಿ ಅವನ ಚಪ್ಪಲಿಯನ್ನೂ ಬಚ್ಚಿಟ್ಟು ಬಂದೆ.

ಅವನು ಏಳಬೇಕು, ಹುಡುಕಬೇಕು, ನಗಬೇಕು. ಎದ್ದ, ಹುಡುಕಿದ. ಸಿಗಲಿಲ್ಲ. ನನ್ನ ಮುಖ ನೋಡಿದ. ನಾನು ತುಂಟನಗೆ ನಕ್ಕೆ. ಹುಡುಗ ಮತ್ತೆ ಬಂದು ಕುರ್ಚಿಯಲ್ಲಿ ಕುಸಿದ. ಕಣ್ಣಲ್ಲಿ ನೀರು.

"ನನ್ನನ್ನ ಯಾರೂ ಇಷ್ಟು ಪ್ರೀತಿಯಿಂದ ಇರು ಅಂದಿರಲಿಲ್ಲ ಅಕ್ಕೋರೇ. ಆಯ್ತು. ಇರ್ತೀನಿ."

ನಾನು ದಂಗಾದೆ. ಇರಬ್ಯಾಡಪಾ ಎಂದು ಹೇಳಲು ಬಾಯಿ ತೆರೆದೆ. ಮೂರು ಸಲ ಇರು ಎಂದ ಅದೇ ಬಾಯಿಂದ ಅದನ್ನು ಹೇಗೆ ಹೇಳುವುದು? ಅಷ್ಟರಲ್ಲಿ ಅವನು ಊರಿಗೆ ಫೋನ್ ಹಚ್ಚಿ, ಅಮ್ಮಾ ನಾನು ಬರೋದಿಲ್ಲ ಎಂದೂಬಿಟ್ಟ.

ಹೀಗೆ ಪ್ರಥಮ ನಿರ್ಗಮನ ಸಂದರ್ಶನವು ನಿರ್ಗಮನವಿಲ್ಲದೆ ಸಂಪನ್ನವಾಯಿತು.

ಇನ್ನೊಂದು ತೊಂದರೆಯೂ ಆಯಿತು. ಚಪ್ಪಲಿ ಎಲ್ಲಿ ಬಚ್ಚಿಟ್ಟೆ ಎಂಬುದು ನನಗೇ ಮರೆತುಹೋಯಿತು. ಕಟ್ಟಿಗೆ ಒಟ್ಟಿದ ಮೂಲೆ, ದನದ ಕೊಟ್ಟಿಗೆ, ಬಾವಿಕಟ್ಟೆಯ ಹಿಂದೆ, ಎಲ್ಲ ಹುಡುಕಿದೆವು. ಕೊನೆಗೆ ನಮ್ಮ ಯಜಮಾನರ ಹಳೆಯ ಜೋಡು ಕೊಟ್ಟು ಕಳಿಸಿದೆ. ಅದು ಅವನ ಪಾದಕ್ಕೆ ಬಹಳ ದೊಡ್ಡದು. ಪಟ್ ಪಟ್ ಎಂದು ಸದ್ದು ಮಾಡುತ್ತ ಹೋದ.

ಸಂಜೆ ಅವನ ತಾಯಿಯ ಫೋನ್ ಬಂತು. ನನ್ನ ಮಗನಿಗೆ ಏನು ಮಾಡಿದಿರಿ ಎಂದು ಕೇಳಿದರು. ನಾನು ಏನೂ ಮಾಡಿಲ್ಲ, ಬರೀ ಮರ್ಯಾದೆ ಮಾಡಿದೆ ಎಂದೆ. ಆ ತಾಯಿ ಅಳುತ್ತ ಫೋನ್ ಇಟ್ಟರು.

ಮಂಗಳವಾರ ರೋಶನ್‌ನ ಸರದಿ. ಈ ಸಲ ಇರು ಎಂಬ ಶಬ್ದವನ್ನೇ ಆಡಬಾರದೆಂದು ಪಣ ತೊಟ್ಟೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ, ಜೊತೆಗೆ ಒಬ್ಬ ಹಿರಿಯರಿದ್ದರೆ ಒಳ್ಳೆಯದೆಂದು ಪಕ್ಕದ ಮನೆಯ ತಾತ್ಯಾನನ್ನು ಕರೆದೆ. ನಮ್ಮ ಯಜಮಾನರು ಬೇಡ ಎಂದರು. ಬೇಡ ಎಂದರಲ್ಲ, ಅದಕ್ಕೇ ಕರೆದೆ.

ತಾತ್ಯಾನ ಪರಿಚಯ ಹೇಳುತ್ತೇನೆ. ವಯಸ್ಸಾದ ಮರಾಠಾ ರೈತ, ತಲೆಗೆ ಬಿಳಿ ಟೋಪಿ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಯಾವ ಸೊಸೆ ಸಿಟ್ಟಾಗಿ ತವರಿಗೆ ಹೋದರೂ ಮಾತುಕತೆಗೆ ಕರೆಯುವುದು ತಾತ್ಯಾನನ್ನೇ. ಹುಡುಗಿಯನ್ನು ಕೂರಿಸಿ, ಯಾಕೆ ಬಿಟ್ಟು ಬಂದೆ, ಏನು ತ್ರಾಸ ಎಂದು ಕೇಳುವುದು. ಒಂದೊಂದಾಗಿ ತ್ರಾಸ ಬಗೆಹರಿಸುವುದು. ಎರಡೂ ಕಡೆಯವರಿಂದ ಮಾತು ತೆಗೆದುಕೊಂಡು ಸಂಸಾರವನ್ನು ಮತ್ತೆ ಕೂಡಿಸುವುದು. ಅವರು ಕೂಡಿಸಿದ ಜೋಡಿ ಒಡೆದದ್ದು ನಾನಂತೂ ಕೇಳಿಲ್ಲ.

ನಾನು ಕೇಳಿದ ಪ್ರಶ್ನೆ ಇಷ್ಟೇ: "ರೋಶನ್, ಇಲ್ಲಿ ನಿನಗೆ ಏನು ತ್ರಾಸ ಆಯಿತು? ಮನಸ್ಸು ಬಿಚ್ಚಿ ಹೇಳು."

ರೋಶನ್ ಕಾರ್ತಿಕನಂತಲ್ಲ. ಬಿಚ್ಚು ಎಂದರೆ ಪೂರಾ ಬಿಚ್ಚುವವನು. ಖೋಲಿಯಲ್ಲಿ ಸೆಕೆ, ಫ್ಯಾನ್ ತಿರುಗುವುದಕ್ಕಿಂತ ಅಳುವುದೇ ಹೆಚ್ಚು ಎಂದ. ಗಾದಿ ತೆಳ್ಳಗೆ, ಬೆನ್ನಿಗೆ ನೆಲ ಹತ್ತುತ್ತದೆ ಎಂದ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಮತ್ತೆ ಊಟ ಅಕ್ಕೋರೇ. ನೀವು ಸೂರ್ಯ ಮುಳುಗೋ ಮೊದಲು ಊಟ ಹಾಕ್ತೀರಿ. ನಾವು ಪಾಠ ಮುಗಿಸಿ ಬರೋ ಹೊತ್ತಿಗೆ ಹೊಟ್ಟೆ ಖಾಲಿ. ನಾನೂ ಕಾರ್ತಿಕನೂ ಸೈಕಲ್ ಹೊಡ್ಕೊಂಡು ನಿಪ್ಪಾಣಿಗೆ ಹೋಗಿ ಆಮ್ಲೆಟ್ ತಿಂದು ಬರ್ತಿದ್ವಿ."

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ. ಉಳ್ಳಾಗಡ್ಡಿ, ಬಟಾಟೆ ಹೊಸ್ತಿಲು ದಾಟುವುದಿಲ್ಲ. ನಾನು ವರ್ಷವಿಡೀ ತುಪ್ಪ ಸುರಿದು ಬೆಳೆಸಿದ ಹೊಟ್ಟೆಗಳೊಳಗೆ ಆಮ್ಲೆಟ್! ಸುಮ್ಮನೆ ಕೇಳು ಎಂದಿದ್ದ ಪ್ರಶಾಂತ್. ನಾನು ಸುಮ್ಮನೇ ಇದ್ದೆ, ಮಾತು ಹೊರಡದ ಕಾರಣದಿಂದ.

ತಾತ್ಯಾ ಮಾತ್ರ ಟೋಪಿ ಸರಿ ಮಾಡಿಕೊಂಡರು. ತವರಿಗೆ ಬಂದ ಸೊಸೆಯನ್ನು ಕಂಡಾಗ ಬರುವ ಗಾಂಭೀರ್ಯ ಅವರ ಮುಖಕ್ಕೆ ಬಂದಿತ್ತು.

"ಹುಡುಗನ ಮಾತ ಬರೋಬರಿ ಐತಿ," ಎಂದರು. "ಹೊಟ್ಟಿ ತುಂಬಲಿಲ್ಲಂದ್ರ ಯಾರ ನಿಂದರತಾರ? ಫ್ಯಾನ್ ನಾ ಕೊಡತೀನಿ. ಗಾದಿ ನೀವ ಕೊಡ್ರಿ ಅಕ್ಕೋರ. ಕತ್ತಲಾದ ಮ್ಯಾಲಿಂದ ಊಟ ನಮ್ಮ ಮನ್ಯಾಗ. ಏನ್ ತಮ್ಮಾ, ಈಗ ನಾಂದತಿಯೋ ಇಲ್ಲೋ?"

ನಾಂದುವುದು ಎಂದರೆ ಗಂಡನ ಮನೆಯಲ್ಲಿ ಹೊಂದಿಕೊಂಡು ಬಾಳುವುದು. ರೋಶನ್‌ಗೆ ಅಷ್ಟು ಅರ್ಥವಾಯಿತೋ ಇಲ್ಲವೋ, ಫ್ಯಾನ್, ಗಾದಿ, ರಾತ್ರಿ ಊಟ ಮೂರೂ ಅರ್ಥವಾದವು. ಇಷ್ಟೆಲ್ಲ ಆಗುವುದಾದರೆ ಇನ್ನೊಂದು ವರ್ಷ ಇರಲು ತನ್ನದೇನೂ ಅಡ್ಡಿಯಿಲ್ಲ ಎಂದ. ತಾತ್ಯಾ ಅವನ ಕೈಯನ್ನು ನನ್ನ ಕೈಯಲ್ಲಿ ಇಟ್ಟು, ಇನ್ನು ಮುಂದೆ ಜಗಳ ಬೇಡ ಎಂದು ಇಬ್ಬರಿಗೂ ಬುದ್ಧಿ ಹೇಳಿ, ಸಕ್ಕರೆ ತರಿಸಿ ಬಾಯಿ ಸಿಹಿ ಮಾಡಿಸಿದರು. ಕೇಳದೆ ಮಾತು ಕೊಟ್ಟದ್ದಕ್ಕೆ ತಾತ್ಯಾನ ಮನೆಯಾಕೆ ಅವರೊಡನೆ ಮಾತು ಬಿಟ್ಟಳು. ಆ ಸಂಸಾರವನ್ನು ಕೂಡಿಸುವವರು ಯಾರೂ ಇರಲಿಲ್ಲ.

ಬುಧವಾರ ಪ್ರಶಾಂತ್ ಫೋನ್ ಮಾಡಿ ಎಲ್ಲಿಗೆ ಬಂತು ಮೇಡಂ ಎಂದು ಕೇಳಿದ. ಕಾರ್ಯವು ಪ್ರಗತಿಯಲ್ಲಿದೆ ಎಂದೆ. ಸರಕಾರಿ ನೌಕರಿಯಲ್ಲಿ ಕಲಿತ ವಾಕ್ಯ ಅದು, ಯಾವ ಹೊಂಡದಲ್ಲಿ ಬಿದ್ದಾಗಲೂ ಉಪಯೋಗಕ್ಕೆ ಬರುತ್ತದೆ. ಮೇಘನಾಳದ್ದಾದರೂ ಇವತ್ತು ಮುಗಿಸಿಬಿಡಿ, ಅವಳು ಹೊರಡಲು ದಿನವೇ ಇಲ್ಲ ಎಂದ. ಆಗಲಿ ಎಂದೆ.

ಮೇಘನಾ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ತಲೆಗೆ ಎಣ್ಣೆ ಹಚ್ಚಿ, ನಾನು ಕಲಿಸಿದಂತೆ ಬಿಗಿಯಾಗಿ ಹೆಣೆದುಕೊಂಡಿದ್ದಳು. ಬಂದ ಹೊಸದರಲ್ಲಿ ರೊಟ್ಟಿ ಬಡಿಯಲು ಹೋಗಿ ಹಿಟ್ಟನ್ನು ಗೋಡೆಗೆ ಹಾರಿಸಿದ್ದ ಹುಡುಗಿ ಇವಳು. ಈಗ ನನಗಿಂತ ತೆಳ್ಳಗೆ ಬಡಿಯುತ್ತಾಳೆ. ಮಧ್ಯಾಹ್ನ ನಾನು ಮಲಗಿದರೆ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಾಳೆ. ನನ್ನ ಮುಂದೆ ಪ್ರಶ್ನೆ ಇತ್ತು. ಬಾಯಿಗೆ ಬರಲಿಲ್ಲ.

"ಏಳ ಏಳು, ಬುತ್ತಿಗೆ ಉಂಡಿ ಕಟ್ಟೂದೈತಿ. ಸಂದರ್ಶನ ನಾಳಿ ಮಾಡೂಣು," ಎಂದೆ.

"ಅಕ್ಕೋರೇ, ಸೋಮವಾರ..."

"ಗೊತ್ತೈತಿ ಬೇ. ನಾ ಇದ್ದೀನಲ್ಲ."

ಗುರುವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಹೋಗುವ ಮಾತನ್ನು ಎತ್ತಬಾರದು. ಶುಕ್ರವಾರ ಮನೆಮಗಳನ್ನು ಕಳಿಸುವುದಿಲ್ಲ, ಆದ್ದರಿಂದ ಕಳಿಸುವ ಮಾತೂ ಆಡುವುದಿಲ್ಲ. ಇವನ್ನೆಲ್ಲ ನಾನು ಬಹಳ ಶಾಸ್ತ್ರೋಕ್ತವಾಗಿ ಅವಳಿಗೆ ವಿವರಿಸಿದೆ. ಅವಳು ಹೂಂ ಹೂಂ ಎನ್ನುತ್ತ ಶೇಂಗಾ ಉಂಡೆ ಕಟ್ಟಿದಳು, ಮಾಳಿಗೆಗೆ ಹೋಗಿ ಚೀಲ ಕಟ್ಟಿದಳು, ಕೆಳಗೆ ಬಂದು ನನ್ನ ಮುಖ ನೋಡಿದಳು. ನಾನು ಅವಳ ಉಡಿ ತುಂಬಲು ರವಿಕೆಯ ಖಣ ತರಬೇಕೆಂದು ನಿಪ್ಪಾಣಿಯ ಪೇಟೆಗೆ ಹೋದೆ. ಹಸಿರು ಖಣ ತಂದೆ. ಮನೆಗೆ ಬಂದ ಮೇಲೆ ಅದು ಅವಳ ಬಣ್ಣಕ್ಕೆ ಒಪ್ಪುವುದಿಲ್ಲ ಎನಿಸಿ ಮತ್ತೆ ಹೋಗಿ ಬದಲಿಸಿಕೊಂಡು ಬಂದೆ. ಅಂಗಡಿಯವನು ಮಗಳ ಮದುವೆಯೇನ್ರಿ ಎಂದು ಕೇಳಿದ.

ಇಲ್ಲಿ ನಿಜ ಹೇಳಿಬಿಡುತ್ತೇನೆ. ಅಮಾವಾಸ್ಯೆಯೂ ಅಲ್ಲ, ಶುಕ್ರವಾರವೂ ಅಲ್ಲ. ಪ್ರಶ್ನೆ ಕೇಳಿದರೆ ಹುಡುಗಿ ಹೋಗುತ್ತಾಳೆ, ಕೇಳದಿದ್ದರೆ ಇನ್ನೂ ಇಲ್ಲೇ ಇದ್ದಾಳೆ. ನನಗೆ ಅವಳನ್ನು ಕಳಿಸುವ ಮನಸ್ಸಿರಲಿಲ್ಲ. ಅಷ್ಟೇ ಸಂಗತಿ. ಕಾರ್ತಿಕನಿಗೆ ಬಾಯಿಮಾತಿಗೆ ಹೇಳಿದ 'ಇರು' ಎಂಬ ಶಬ್ದವನ್ನು ಇವಳಿಗೆ ಮಾತ್ರ ಒಂದು ಸಲವೂ ಹೇಳಲಿಲ್ಲ, ಯಾಕೆಂದರೆ ಅದು ಖರೆ ಇತ್ತು.

ಶನಿವಾರ ಮುಂಜಾನೆ ಮನೆಯ ಮುಂದೆ ಜೀಪು ನಿಂತಿತು. ಪ್ರಶಾಂತ್ ಇಳಿದ. ಅವನ ಹಿಂದೆ ಟ್ರಂಕು, ಹಾಸಿಗೆ ಸುರುಳಿಗಳ ಸಮೇತ ಹೊಸ ಸ್ವಯಂಸೇವಕರು ಮೂವರು ಇಳಿದರು. ಹೊಸಬರಿಗೆ ಜಾಗ ತೋರಿಸಿ ಎಂದ ಪ್ರಶಾಂತ್. ಜಾಗದಲ್ಲಿ ಹಳಬರಿದ್ದರು. ಖೋಲಿಯಲ್ಲಿ ರೋಶನ್ ಹೊಸ ಗಾದಿಯ ಮೇಲೆ, ತಾತ್ಯಾನ ಫ್ಯಾನಿನ ಗಾಳಿಗೆ ಮುಖ ಕೊಟ್ಟು ಪೇಪರ್ ಓದುತ್ತಿದ್ದ. ಕಾರ್ತಿಕ ಪಟ್ ಪಟ್ ಎಂದು ಎದುರು ಬಂದು ಸ್ವಾಗತಿಸಿದ.

ಪ್ರಶಾಂತ್ ಎಲ್ಲರನ್ನೂ ನಮ್ಮ ಪಡಸಾಲೆಗೆ ಕರೆತಂದ. ಮೈಸೂರಿನವರ ಸಿಟ್ಟು ನಮ್ಮವರ ಸಿಟ್ಟಿನಂತೆ ದೊಡ್ಡ ದನಿಯದಲ್ಲ. ದನಿ ಸಣ್ಣಗಾದಷ್ಟೂ ಸಿಟ್ಟು ಹೆಚ್ಚು. ಈಗ ಅವನು ಹೇಳುವುದು ಕೇಳಿಸುತ್ತಲೇ ಇರಲಿಲ್ಲ.

"ಮೇಡಂ, ಮೂರು ನಿರ್ಗಮನ ಸಂದರ್ಶನ ಮಾಡಿ ಅಂದಿದ್ದೆ. ಎಷ್ಟು ಜನ ನಿರ್ಗಮಿಸಿದ್ದಾರೆ?"

ನಾನು ಕನ್ನಡಕ ಒರೆಸಿಕೊಂಡೆ. ಯಜಮಾನರು ಹೊಲದಲ್ಲಿ ನೀರು ಬಿಟ್ಟಿದ್ದು ನೆನಪಾಯಿತು ಎಂದು ಎದ್ದು ಹೋದರು. ಅಂದು ನಮ್ಮ ಹೊಲಕ್ಕೆ ಕರೆಂಟೇ ಇರಲಿಲ್ಲ.

ತಾತ್ಯಾ ಮಾತ್ರ ನನ್ನ ಕೈ ಬಿಡಲಿಲ್ಲ. ಹುಡುಗ ನಾಂದುತ್ತೇನೆ ಎಂದಿದ್ದಾನೆ, ಹಿರಿಯರ ಮುಂದೆ ಮಾತಾಗಿದೆ, ಸಕ್ಕರೆ ಹಂಚಿದೆ, ಈಗ ಕರೆದುಕೊಂಡು ಹೋಗುತ್ತೇನೆ ಎನ್ನಲು ನೀವು ಯಾರು ಎಂದು ಪ್ರಶಾಂತನನ್ನೇ ಕೇಳಿದರು. ಪ್ರಶಾಂತ್ ಅವರಿಗೆ ಯೋಜನೆಯ ನಿಯಮ ವಿವರಿಸಿದ. ತಾತ್ಯಾ ಅವನಿಗೆ ಸಂಸಾರದ ನಿಯಮ ವಿವರಿಸಿದರು. ಹೊಸದಾಗಿ ಬಂದ ಮೂವರು ತಾವು ಎಂಥ ಊರಿಗೆ ಬಂದೆವೋ ಎಂದು ಟ್ರಂಕಿನ ಮೇಲೆ ಕೂತು ನೋಡುತ್ತಿದ್ದರು.

ಆಗ ಮೇಘನಾ ಮಾಳಿಗೆಯಿಂದ ಇಳಿದು ಬಂದಳು. ಹೆಗಲಿಗೆ ಚೀಲ. ಪ್ರಶಾಂತನ ಕಡೆ ನೋಡಲಿಲ್ಲ, ನೇರ ನನ್ನ ಮುಂದೆ ಬಂದು ನಿಂತಳು.

"ಅಕ್ಕೋರೇ, ನನಗೆ ಹೋಗ್ಬೇಕು. ಹೇಳೋಕೆ ಧೈರ್ಯ ಸಾಲದೆ ಉಂಡೆ ಕಟ್ತಾ ಕೂತೆ. ಸೋಮವಾರ ಅಲ್ಲಿ ಇಲ್ಲ ಅಂದ್ರೆ ಆ ಜಾಗ ಬೇರೆಯವರಿಗೆ ಹೋಗತ್ತೆ. ಅರ್ಜಿ ಹಾಕು ಅಂದೋರು ನೀವೇ. ಕಳಿಸೋದೂ ನೀವೇ ಕಳಿಸಿ."

ನಾನು ಒಂದು ಮಾತಿಗೆ ಎಷ್ಟು ದಿನ ಆ ಹುಡುಗಿಯನ್ನು ಕಾಯಿಸಿದ್ದೆ! ನನಗೆ ನಾಚಿಕೆಯಾಯಿತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ.

"ನಿಂತ ಏನ ನೋಡತಿ? ಸೆರಗ ಒಡ್ಡು," ಎಂದು ಗದರಿದೆ.

ಚೂಡಿದಾರದ ಓಢಣಿಯನ್ನೇ ಒಡ್ಡಿದಳು. ಖಣ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದೆ. ಕುಂಕುಮ ಹಚ್ಚಿದೆ. ಹೋಗಿ ಬಾ ಎಂದೆ. ಎರಡೇ ಶಬ್ದ. ಹಳಗನ್ನಡ ಪದ್ಯ ಹೇಳಿಸುವುದಕ್ಕಿಂತ ಕಷ್ಟವಾಯಿತು.

ಆಮೇಲಿನದೆಲ್ಲ ಪ್ರಶಾಂತನೇ ಮಾಡಿದ. ಮೇಘನಾಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಏನು ಚೆನ್ನಾಗಿತ್ತು, ಏನು ಕಷ್ಟವಾಯಿತು ಎಂದು ಕೇಳಿದ, ಕೇಳಿಸಿಕೊಂಡ, ಆಯ್ತು ಥ್ಯಾಂಕ್ಸ್ ಎಂದ. ನಾನು ಕೊಟ್ಟ ಚಹಾ ಆರುವ ಮೊದಲೇ ಮುಗಿದುಹೋಯಿತು! ಇಷ್ಟು ಸುಲಭದ ಕೆಲಸಕ್ಕೆ ನಾನು ಇಡೀ ವಾರ ಊರನ್ನೇ ತಲೆಕೆಳಗು ಮಾಡಿದ್ದೆ.

ಕಾರ್ತಿಕನನ್ನು, ನಿಜ ಹೇಳು, ಇರುವ ಮನಸ್ಸಿದೆಯೇ ಎಂದು ಕೇಳಿದ.

"ಅಮ್ಮ ದಿನಾ ಅಳ್ತಾರೆ ಸರ್. ಚಪ್ಪಲಿ ಸಿಕ್ಕಿದ್ರೆ ಹೊರಟುಬಿಡ್ತೀನಿ," ಎಂದ ಅವನು.

ಚಪ್ಪಲಿ ಸಿಕ್ಕಿತು. ಹೊಸದಾಗಿ ಬಂದ ಹುಡುಗಿ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು, ನೀರೊಲೆಯ ಹಿಂದಿನಿಂದ ಎತ್ತಿಕೊಂಡು ಬಂದು, ಇದು ಯಾರದು ಎಂದು ಕೇಳಿದಳು. ವಾರವಿಡೀ ಕಾದು ಅದು ಚಕ್ಕುಲಿಯ ಹಾಗೆ ಸುರುಟಿಕೊಂಡಿತ್ತು. ಕಾರ್ತಿಕ ಅದನ್ನು ಚೀಲದಲ್ಲಿ ಹಾಕಿಕೊಂಡು, ನಮ್ಮ ಯಜಮಾನರ ಜೋಡಿನಲ್ಲೇ ಜೀಪು ಹತ್ತಿದ. ರೋಶನ್‌ನನ್ನು ಎಬ್ಬಿಸುವುದು ಮಾತ್ರ ಕಷ್ಟವಾಯಿತು. ಕೊನೆಗೆ ತಾತ್ಯಾ, ಕೊಟ್ಟ ಮಾತು ಮುರಿಯುವವನು ನಾನಲ್ಲ ಎಂದು ಫ್ಯಾನನ್ನು ಅವನಿಗೇ ಕೊಟ್ಟುಬಿಟ್ಟರು. ಮಂಗಳೂರಿನ ಹುಡುಗ ಟೇಬಲ್ ಫ್ಯಾನನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂತ. ತಾತ್ಯಾನ ಮನೆಯಾಕೆ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಮಾತು ಬಿಟ್ಟ ದಿನಗಳು ಇನ್ನಷ್ಟು ಬೆಳೆದವು.

ಹೊರಡುವ ಮುನ್ನ ಪ್ರಶಾಂತನಿಗೆ ನಾನು ಒಂದು ಮಾತು ಹೇಳುವುದಿತ್ತು. ಇಷ್ಟು ದೊಡ್ಡ ಅನಾಹುತ ಮಾಡಿದ ಮೇಲೆ ಮಾನವಂತರು ಹೇಳುವ ಮಾತು.

"ನೋಡಪಾ, ಈ ಪಾಲಕಿ ಕೆಲಸ ನನಗ ಸಾಕಾತು. ನಾ ಬಿಡತೀನಿ."

ಹೇಳಿ ಕಾದೆ. ಛೆ ಛೆ, ಎಂಥಾ ಮಾತು ಮೇಡಂ, ನೀವಿಲ್ಲದೆ ಹೇಗೆ ಎಂದು ಅವನು ಹೇಳಬೇಕು. ನಾನು ಇಲ್ಲಪಾ ಎನ್ನಬೇಕು. ಅವನು ಮತ್ತೆ ಹೇಳಬೇಕು. ಮೂರನೆಯ ಸಲಕ್ಕೆ ನಾನು, ಇಷ್ಟು ಬಲವಂತ ಮಾಡತಿ ಅಂದ್ರ ಆತು ಬಿಡು ಎಂದು ಒಪ್ಪಿಕೊಳ್ಳಬೇಕು.

"ಸರಿ ಮೇಡಂ," ಎಂದ ಪ್ರಶಾಂತ್. "ತುಂಬಾ ಥ್ಯಾಂಕ್ಸ್."

ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಖರೇನ ಬಿಡತೀನಿ ಎಂದೆ. ಅವನು ಆಯ್ತು ಮೇಡಂ ಎಂದು ಬೂಟು ಕಟ್ಟಿಕೊಂಡ. ಬೂಟನ್ನು ನಾನೇ ಬಚ್ಚಿಡಬೇಕಿತ್ತು! ತಾತ್ಯಾನ ಕಡೆ ನೋಡಿದೆ. ಅವರು ಜೀಪಿನಲ್ಲಿದ್ದ ಫ್ಯಾನಿನ ಕಡೆ ನೋಡುತ್ತಿದ್ದರು. ಯಜಮಾನರು ಅಷ್ಟರಲ್ಲಿ ಹೊಲದಿಂದ ಬಂದಿದ್ದರು. ಬಿಟ್ಟುಬಿಟ್ಟೆ ಎಂದೆ. "ಛಲೋ ಆತು," ಎಂದು ಒಳಗೆ ಹೋದರು.

ಮುಂದಿನ ವಾರ ಮೇಘನಾಳ ಫೋನ್ ಬಂತು. ಸೋಮವಾರ ಹೊತ್ತಿಗೆ ಸರಿಯಾಗಿ ಹೋಗಿ ಸೇರಿದಳಂತೆ. ಮಕ್ಕಳು ಬಹಳ ತುಂಟರಂತೆ. ಉಂಡೆಯನ್ನು ಹಾಸ್ಟೆಲಿನವರು ಒಂದೇ ದಿನಕ್ಕೆ ಮುಗಿಸಿದರಂತೆ. ಕೇಳುತ್ತ ಕೇಳುತ್ತ ನನ್ನ ಹೊಟ್ಟೆ ತಣ್ಣಗಾಯಿತು. ಆಮೇಲೆ ಅವಳು ನಗುತ್ತ, ಪ್ರಶಾಂತ್ ಸರ್ ತನಗೊಂದು ಕೆಲಸ ವಹಿಸಿದ್ದಾರೆ ಎಂದಳು. ಬಿಟ್ಟುಹೋಗುವವರು ಪಾಲಕಿಯಾದರೂ ನಿಯಮ ನಿಯಮವೇ ಅಂತೆ. ನನ್ನ ನಿರ್ಗಮನ ಸಂದರ್ಶನ ಬಾಕಿ ಇತ್ತು. ನನ್ನನ್ನು ಎದುರಿಸುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇರಲಿಲ್ಲವಂತೆ.

"ಮೊದಲನೇ ಪ್ರಶ್ನೆ ಅಕ್ಕೋರೇ. ಯಾಕೆ ಬಿಡ್ತಿದ್ದೀರಿ?"

"ಯಾರೂ ಇರ್ರಿ ಅನ್ಲಿಲ್ಲ, ಅದಕ್ಕ. ಹಂಗಂತ ಬರ್ಕೋ."

ಅವಳು ಬಹಳ ಮೆಲ್ಲಗೆ ಹೇಳಿದಳು.

"ನಾನಂತೀನಲ್ಲ. ಬಿಡ್ಬೇಡಿ ಅಕ್ಕೋರೇ, ಇರಿ. ನಾನು ಸರ್‌ಗೆ ಹೇಳ್ತೀನಿ."

ನನ್ನ ಕಣ್ಣು ತುಂಬಿ ಬಂತು. ವರ್ಷವಿಡೀ ನನ್ನ ಒಲೆಯ ಮುಂದೆ ಕೂತ ಹುಡುಗಿ, ಕೊನೆಗೂ ಒಬ್ಬಳು ಸರಿಯಾದ ಮಾತು ಆಡಿದಳಲ್ಲ! ಇರುತ್ತೇನೆ ಎಂದು ಕೂಗಿಬಿಡುವಷ್ಟು ಸಂತೋಷವಾಯಿತು. ಆದರೆ ಮೊದಲನೆಯ ಸಲಕ್ಕೇ ಒಪ್ಪಿಕೊಳ್ಳಲು ನಾನೇನು ಅಥಣಿಯ ಪಾವಣೇರೇ? ಸೆರಗಿನಿಂದ ಕಣ್ಣೊರೆಸಿಕೊಂಡು, ಪದ್ಧತಿಯ ಪ್ರಕಾರ, "ಬ್ಯಾಡ ಬಿಡವಾ," ಎಂದೆ. ಎಂದು ಎರಡನೆಯ ಸಲದ ಬಲವಂತಕ್ಕೆ ಕಿವಿಗೆ ಫೋನ್ ಒತ್ತಿಕೊಂಡು ಕಾದೆ.

"ಸರಿ ಅಕ್ಕೋರೇ, ನಿಮ್ಮಿಷ್ಟ," ಎಂದಳು ಮೇಘನಾ. "ಎರಡನೇ ಪ್ರಶ್ನೆ. ಬಂದ ಸ್ವಯಂಸೇವಕರಿಗೆ ಊರಿನ ಪದ್ಧತಿ ಏನೇನು ಕಲಿಸಿದಿರಿ?"